ಓದುಗರ ಪ್ರಶ್ನೆ: ಜೈವಿಕ ಇಂಧನದ ಸಸಿಗಳನ್ನು ಕಡಿಮೆ ಖರ್ಚಿನಲ್ಲಿ ಬೆಳೆಸುವುದು ಹೇಗೆ?

ಸಂಕ್ರಾಂತಿ ಕಳೆದು ಹೊಂಗೆಯ ಕಾಯಿ ಬಲಿಯುವ ಈ ಹೊತ್ತಿನಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತಿವೆ. ಬೀಜದ ಎಣ್ಣೆಯನ್ನು ಡೀಸೆಲ್ಲಿನ ಬದಲು ಜೈವಿಕ ಇಂಧನವಾಗಿ ಬಳಸಬಹುದಾದ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮುಂತಾದ ಮರಗಳ ಸಸಿಗಳನ್ನು ರೈತರು ತಾವೇ ಬೆಳೆಸಿಕೊಳ್ಳುವುದು ಹೇಗೆ, ಅದಕ್ಕೆ ತಗಲುವ ಖರ್ಚನ್ನು ತಗ್ಗಿಸುವುದು ಹೇಗೆ ಎಂಬುದು ಆ ವಿಷಯ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸ್ಥಳಾಭಾವದಿಂದ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾವು ಸ್ವಸಹಾಯ ಸಂಘದ ಹನ್ನೆರಡು ಮಂದಿ ಮಹಿಳೆಯರು. ಸುತ್ತಲಿನ ಹಳ್ಳಿಗಳ ರೈತರಿಗೆ ಬದುಗಳ ಮೇಲೆ ನೆಡುವುದಕ್ಕಾಗಿ 5000 ಹೊಂಗೆ ಸಸಿ ಬೆಳೆಸಿ ಕಡಿಮೆ ಬೆಲೆಗೆ ಕೊಡಬೇಕೆಂದಿದ್ದೇವೆ. ದೊಡ್ಡ ಚೀಲದ ಸಸಿಯನ್ನೇ ರೈತರು ಕೇಳುತ್ತಾರೆಂದು ಕೆಲವರು ಹೇಳುತ್ತಿದ್ದಾರೆ. ಖರ್ಚನ್ನು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?
— ಗುಬ್ಬಿ ತಾಲ್ಲೂಕಿನ ಸಂಘವೊಂದರ ಸದಸ್ಯೆಯರು

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ಬಹಳ ಮುಖ್ಯವಾದುದು. ಸಸಿಯ ಬೆಲೆಯನ್ನು ನಾವು ಸಾಮಾನ್ಯವಾಗಿ ಚೀಲವೊಂದಕ್ಕೆ ಇಷ್ಟು ಎಂದು ಎಣಿಸುತ್ತೇವೆ. ರೈತನಿಗೆ ಅದರ ನಿಜವಾದ ಬೆಲೆ ತಿಳಿಯುವುದು ಮೂರನೆಯ ವರ್ಷದಲ್ಲಿ, ಬದುವಿನ ಮೇಲೆ ಎಷ್ಟು ಗಿಡ ಉಳಿದಿವೆ ಎಂದು ಎಣಿಸಿದಾಗ. ನೂರಕ್ಕೆ ನಲವತ್ತು ಸತ್ತರೆ, ಅಗ್ಗಕ್ಕೆ ಕೊಂಡ ಸಸಿಯೂ ದುಬಾರಿಯೇ. ಗುಂಡಿ ತೋಡಿದ ಕೂಲಿ, ಸಾಗಿಸಿದ ಗಾಡಿಯ ಬಾಡಿಗೆ, ಕಳೆದುಹೋದ ಒಂದು ಮಳೆಗಾಲ ಇವೆಲ್ಲ ಸತ್ತ ಸಸಿಯ ಲೆಕ್ಕಕ್ಕೇ ಸೇರುತ್ತವೆ.

ಮೊದಲು ಬೀಜದ ವಿಷಯ. ಹೊಂಗೆಯ ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಬೀಜವಿರುತ್ತದೆ, ಅಪರೂಪಕ್ಕೆ ಎರಡಿರುತ್ತವೆ. ಬೀಜದ ಗಾತ್ರಕ್ಕೆ ತಕ್ಕಂತೆ ಕಿಲೋಗೆ ಸುಮಾರು 700ರಿಂದ 1000 ಬೀಜಗಳು ತೂಗುತ್ತವೆ. ಒಳ್ಳೆಯ ಹೊಸ ಬೀಜವಾದರೆ 5000 ಸಸಿಗೆ ಎಂಟು ಕಿಲೋ ಸಾಕಾಗುತ್ತದೆ. ಇದು ನಿಮ್ಮ ಊರಿನ ಮರಗಳಿಂದಲೇ ಸಿಗುವುದರಿಂದ ಹಣದ ಖರ್ಚು ಇಲ್ಲವೆಂದೇ ಹೇಳಬಹುದು. ಆದರೆ ಇಲ್ಲಿ ಶ್ರಮವನ್ನು ಉಳಿಸಲು ಹೋಗಬೇಡಿ. ರಸ್ತೆ ಬದಿಯಲ್ಲಿ ಗುಡಿಸಿ ತಂದ ಬೀಜದಲ್ಲಿ ಹೋದ ವರ್ಷದ್ದೂ, ಹುಳು ತಿಂದದ್ದೂ, ಬಲಿಯದೆ ಉದುರಿದ್ದೂ ಬೆರೆತಿರುತ್ತವೆ. ವರ್ಷ ವರ್ಷವೂ ತಪ್ಪದೆ ಕಾಯಿ ಹಿಡಿಯುವ, ಕೊಂಬೆ ಅಗಲವಾಗಿ ಹರಡಿರುವ, ಕಾಯಿ ದಪ್ಪಗಿರುವ ಎಂಟು ಹತ್ತು ಮರಗಳನ್ನು ಊರಿನ ಹಿರಿಯರನ್ನು ಕೇಳಿ ಗುರುತಿಸಿ, ಬುಡಕ್ಕೆ ಸುಣ್ಣದ ಪಟ್ಟೆ ಬಳಿಯಿರಿ. ಕಾಯಿ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದಾಗ ಕೆಳಗೆ ಟಾರ್ಪಾಲು ಹಾಸಿ ಗಳುವಿನಿಂದ ಬಡಿದು ಬೀಳಿಸಿಕೊಳ್ಳಿ. ಒಂದೇ ಮರದಿಂದ ಎಲ್ಲ ಬೀಜವನ್ನೂ ತೆಗೆಯಬಾರದು. ಹೊಂಗೆಯಲ್ಲಿ ಪರಾಗ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದರಿಂದ ಬೀಜದ ಸಸಿ ತಾಯಿಮರದ ಪಡಿಯಚ್ಚು ಆಗಿರುವುದಿಲ್ಲ, ಆದರೂ ಒಳ್ಳೆಯ ಮರಗಳ ಗುಂಪಿನಿಂದ ತಂದ ಬೀಜ ಕಣ್ಣು ಮುಚ್ಚಿ ತಂದ ಬೀಜಕ್ಕಿಂತ ಖಂಡಿತ ಮೇಲು.

ಬೀಜವನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ರಾಶಿಯಿಂದ ಆರಿಸದೆ ಇಪ್ಪತ್ತು ಬೀಜ ತೆಗೆದು ಈಳಿಗೆಮಣೆಯ ಮೇಲೆ ಅಡ್ಡಲಾಗಿ ಕತ್ತರಿಸಿ ನೋಡಿ. ಒಳಗಿನ ಬೇಳೆ ಗಟ್ಟಿಯಾಗಿ, ತುಂಬಿಕೊಂಡು, ಬಿಳಿಯ ಅಥವಾ ತುಸು ಹಸಿರು ಛಾಯೆಯಲ್ಲಿದ್ದರೆ ಬೀಜ ಜೀವಂತವಾಗಿದೆ. ಕಂದು ಬಣ್ಣಕ್ಕೆ ತಿರುಗಿ, ಕಮಟು ವಾಸನೆ ಬರುತ್ತಿದ್ದರೆ ಅಥವಾ ಬೇಳೆಗೂ ಸಿಪ್ಪೆಗೂ ನಡುವೆ ಟೊಳ್ಳು ಕಂಡರೆ ಅದು ಗಾಣಕ್ಕೆ ಆದೀತು, ಸಸಿಮಡಿಗೆ ಆಗದು. ಇಪ್ಪತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಕೆಟ್ಟಿದ್ದರೆ ಆ ರಾಶಿಯನ್ನು ಬಿಟ್ಟು ಬೇರೆ ಮರ ನೋಡಿ. ಒಳ್ಳೆಯ ಬೀಜವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಲಗಿಸಿ ಹಾಕಿದರೆ ಹತ್ತು ಹದಿನೈದು ದಿನಗಳಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಬಿತ್ತಿದ ಸಸಿ ಮಳೆಗಾಲದ ಹೊತ್ತಿಗೆ ಒಂದು ಅಡಿ ದಾಟಿರುತ್ತದೆ.

ಇನ್ನು ಚೀಲ. ನಿಮ್ಮ ಖರ್ಚಿನ ಬಹುಪಾಲು ಇಲ್ಲಿ ನಿರ್ಧಾರವಾಗುತ್ತದೆ. 5 ಇಂಚು ಅಗಲ, 8 ಇಂಚು ಎತ್ತರದ ಚೀಲ ತುಂಬಲು ಒಂದು ಲೀಟರಿಗೆ ತುಸು ಕಡಿಮೆ ಮಣ್ಣು ಬೇಕು. 6 ಇಂಚು, 9 ಇಂಚಿನದಕ್ಕೆ ಸುಮಾರು ಒಂದೂವರೆ ಲೀಟರು, 8 ಇಂಚು, 12 ಇಂಚಿನದಕ್ಕೆ ಮೂರು ಲೀಟರಿಗೂ ಮೇಲೆ. ನಿಮ್ಮ 5000 ಸಸಿಗೆ ಇದನ್ನು ಗುಣಿಸಿದರೆ, ನೂರು ಘನ ಅಡಿ ಹಿಡಿಯುವ ಟ್ರಾಕ್ಟರ್ ಟ್ರೈಲರಿನ ಲೆಕ್ಕದಲ್ಲಿ ಸಣ್ಣ ಚೀಲಕ್ಕೆ ಒಂದೂವರೆ ಲೋಡು, ನಡುವಿನದಕ್ಕೆ ಎರಡೂವರೆ ಲೋಡು, ದೊಡ್ಡದಕ್ಕೆ ಆರು ಲೋಡು ಮಣ್ಣು ಬೇಕಾಗುತ್ತದೆ. ತುಂಬುವ ಕೈಗಳ ದಣಿವು, ದಿನವೂ ಹಾಕುವ ನೀರು, ಹೊಲಕ್ಕೆ ಸಾಗಿಸುವ ಗಾಡಿ ಎಲ್ಲವೂ ಇದೇ ಪ್ರಮಾಣದಲ್ಲಿ ಏರುತ್ತವೆ. ನಾಲ್ಕೈದು ತಿಂಗಳಲ್ಲಿ ನೆಡುವ ಹೊಂಗೆಗೆ 6 ಇಂಚು, 9 ಇಂಚಿನ ಚೀಲಕ್ಕಿಂತ ದೊಡ್ಡದು ಬೇಕಿಲ್ಲ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಹತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಯೊಂದರಲ್ಲಿ ಇಂಥ ಚೀಲಗಳು ಸುಮಾರು ಸಾವಿರ ಹಿಡಿಯುತ್ತವೆ, ಆದ್ದರಿಂದ ನಿಮಗೆ ಐದು ಮಡಿ ಸಾಕು. ಬೇಸಿಗೆಯಲ್ಲಿ ದಿನಕ್ಕೆ ಐದುನೂರರಿಂದ ಏಳುನೂರು ಲೀಟರ್ ನೀರು ಬೇಕೆಂದು ಇಟ್ಟುಕೊಳ್ಳಿ. ಅಷ್ಟು ನೀರು ದಿನವೂ ಸಿಗುವುದೆಂಬ ಭರವಸೆ ಇಲ್ಲದಿದ್ದರೆ ಸಸಿಗಳ ಸಂಖ್ಯೆಯನ್ನೇ ಇಳಿಸುವುದು ಲೇಸು.

ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಎಂಬುದು ರೂಢಿಯ ಲೆಕ್ಕ. ಈಗ ಮರಳು ದುಬಾರಿ. ನಿಮ್ಮ ಕಡೆ ತೆಂಗಿನ ನಾರಿನ ಪುಡಿ ಧಾರಾಳವಾಗಿ ಸಿಗುವುದರಿಂದ ಮರಳಿನ ಬದಲು ಅದನ್ನೇ ಬಳಸಬಹುದು. ಹಸಿ ಪುಡಿಯನ್ನು ನೇರವಾಗಿ ಹಾಕಬೇಡಿ. ಅದರಲ್ಲಿರುವ ಒಗರು ಮತ್ತು ಉಪ್ಪಿನಂಶ ಎಳೆಯ ಬೇರಿಗೆ ಆಗಿಬರುವುದಿಲ್ಲ. ಎರಡು ಮೂರು ಬಾರಿ ತೊಳೆದು, ಸಗಣಿ ಬಗ್ಗಡ ಬೆರೆಸಿ ಕೆಲವು ತಿಂಗಳು ಕಳಿಯಲು ಬಿಟ್ಟ ಪುಡಿ ಮಾತ್ರ ಸರಿ. ಹಸಿ ಸಗಣಿಯನ್ನೂ ಸೇರಿಸಬಾರದು, ಗೆದ್ದಲಿಗೆ ಅದು ಆಹ್ವಾನ ಕೊಟ್ಟಂತೆ. ಇನ್ನೊಂದು ಕೆಲಸ ತಪ್ಪದೆ ಮಾಡಿ. ಊರಿನ ಹಳೆಯ ಹೊಂಗೆ ಮರದ ಬುಡದಿಂದ ಒಂದೆರಡು ಬುಟ್ಟಿ ಮೇಲ್ಮಣ್ಣನ್ನು ತಂದು ಇಡೀ ರಾಶಿಗೆ ಬೆರೆಸಿ. ಹೊಂಗೆ ದ್ವಿದಳ ಜಾತಿಯ ಮರ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾ ಅದರ ಬೇರಿನ ಗಂಟುಗಳಲ್ಲಿ ವಾಸಿಸುತ್ತದೆ, ಮತ್ತು ಹಳೆಯ ಮರದಡಿಯ ಮಣ್ಣಿನಲ್ಲಿ ಅದು ಮೊದಲೇ ಇರುತ್ತದೆ. ಮೂರನೆಯ ತಿಂಗಳು ಒಂದು ಸಸಿಯನ್ನು ಬಲಿಕೊಟ್ಟು ಬೇರು ತೊಳೆದು ನೋಡಿ. ಸಾಸಿವೆಯಿಂದ ಹೆಸರುಕಾಳಿನಷ್ಟು ಗಾತ್ರದ ಗಂಟುಗಳು ಕಾಣಬೇಕು. ಉಗುರಿನಿಂದ ಸೀಳಿದಾಗ ಒಳಗೆ ತಿಳಿಗೆಂಪು ಬಣ್ಣವಿದ್ದರೆ ಅವು ಕೆಲಸ ಮಾಡುತ್ತಿವೆ ಎಂದು ಅರ್ಥ. ಯೂರಿಯಾ ಕೊಡುವ ಅಗತ್ಯವೇ ಬೀಳುವುದಿಲ್ಲ.

ನೆರಳಿಗೆ ಹಸಿರು ಬಲೆ ಕೊಳ್ಳಬೇಕಿಲ್ಲ, ತೆಂಗಿನ ಗರಿಯ ಚಪ್ಪರ ಸಾಕು. ನೆಡುವುದಕ್ಕೆ ಒಂದು ತಿಂಗಳ ಮುಂಚೆ ಗರಿಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ನೀರನ್ನೂ ದಿನ ಬಿಟ್ಟು ದಿನಕ್ಕೆ ಇಳಿಸಿ ಸಸಿಗಳನ್ನು ಬಿಸಿಲಿಗೆ ಪಳಗಿಸಬೇಕು. ಇದಕ್ಕೆ ಹಣ ಬೇಡ, ಮನಸ್ಸು ಬೇಕು. ಹಾಗೆಯೇ ಪ್ರತಿ ತಿಂಗಳೂ ಚೀಲಗಳನ್ನು ಎತ್ತಿ ಜಾಗ ಬದಲಿಸಿ, ಕೆಳಗಿನ ತೂತಿನಿಂದ ನೆಲಕ್ಕೆ ಇಳಿದ ಬೇರನ್ನು ಕತ್ತರಿಸಿ. ಈ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಹೊಲದಲ್ಲೇ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ ಒಂದು ಸಸ್ಯಕ್ಷೇತ್ರದಿಂದ ಎರಡು ವರ್ಷ ಹಳೆಯದಾದ, ನೋಡಲು ಎದೆಯುದ್ದಕ್ಕೆ ಬೆಳೆದ ಹೊಂಗೆ ಸಸಿಗಳನ್ನು ಖುಷಿಯಿಂದ ಕೊಂಡುತಂದು ನೆಟ್ಟೆ. ಮೂರನೆಯ ವರ್ಷದ ಆಷಾಢದ ಗಾಳಿಗೆ ಅವುಗಳಲ್ಲಿ ಹಲವು ಬುಡ ಸಮೇತ ವಾಲಿದವು. ಅಗೆದು ನೋಡಿದಾಗ ತಾಯಿಬೇರು ಚೀಲದ ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿತ್ತು, ಚೀಲ ಹರಿದು ಮೂರು ವರ್ಷವಾದರೂ ಆ ಸುತ್ತು ಬಿಚ್ಚಿಕೊಂಡಿರಲಿಲ್ಲ. ಅಂದಿನಿಂದ ನಾನು ಸಸಿಯ ಎತ್ತರವನ್ನು ನೋಡಿ ಕೊಳ್ಳುವುದನ್ನು ಬಿಟ್ಟೆ. ನಿಮ್ಮಲ್ಲಿಗೆ ಬರುವ ರೈತರಿಗೂ ಒಂದು ಚೀಲ ಹರಿದು ಬೇರು ತೋರಿಸಿ ಮಾರಿದರೆ, ದೊಡ್ಡ ಚೀಲವೇ ಬೇಕೆಂಬ ಅವರ ಹಟ ತಾನಾಗಿ ಕರಗುತ್ತದೆ.

ಪ್ರಶ್ನೆ: ಹೋದ ಆಗಸ್ಟ್ ಕೊನೆಯಲ್ಲಿ ಬೇವಿನ ಬೀಜ ಮತ್ತು ಹಿಪ್ಪೆ ಬೀಜವನ್ನು ಹಣ ಕೊಟ್ಟು ತಂದು ಬಿತ್ತಿದೆವು. ಎರಡರಲ್ಲಿ ಒಂದೂ ಮೊಳೆಯಲಿಲ್ಲ. ಮಣ್ಣಿನ ದೋಷವೇ?
— ಬಾಗೇಪಲ್ಲಿ ತಾಲ್ಲೂಕಿನ ಓದುಗರು

ಉತ್ತರ: ಮಣ್ಣಿನ ದೋಷವಲ್ಲ, ಕಾಲದ ದೋಷ. ಹೊಂಗೆಯ ಬೀಜ ಒಣಗಿದ ಮೇಲೂ ತಿಂಗಳುಗಟ್ಟಲೆ ಬಾಳುತ್ತದೆ. ಬೇವು ಮತ್ತು ಹಿಪ್ಪೆಯ ಬೀಜಗಳು ಹಣ್ಣಿನಿಂದ ಹೊರಬಂದ ಎರಡು ಮೂರು ವಾರಗಳಲ್ಲೇ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ನಮ್ಮ ಕಡೆ ಇವೆರಡೂ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಣ್ಣಾಗುತ್ತವೆ. ಆಗಸ್ಟ್ ಕೊನೆಗೆ ನಿಮ್ಮ ಕೈಸೇರಿದ್ದು ಎಣ್ಣೆಗೆ ಯೋಗ್ಯವಾದ, ಬಿತ್ತಲು ಬಾರದ ಬೀಜ.

ಮುಂದಿನ ಆಷಾಢದಲ್ಲಿ ಹಳದಿಯಾದ ಬೇವಿನ ಹಣ್ಣನ್ನು ಮರದಿಂದಲೇ ಕೊಯ್ದು, ಅದೇ ದಿನ ತಿರುಳು ತೆಗೆದು ತೊಳೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಂದೆರಡು ದಿನ ಆರಿಸಿ, ವಾರದೊಳಗೆ ಬಿತ್ತಿ. ಹಿಪ್ಪೆಗೂ ಇದೇ ಕ್ರಮ. ಇದಕ್ಕಿಂತಲೂ ಅಗ್ಗವಾದ ದಾರಿಯೊಂದು ನಿಮ್ಮ ಗುಂಡುತೋಪಿನಲ್ಲೇ ಇದೆ. ಮಳೆ ಹಿಡಿದು ಹದಿನೈದು ಇಪ್ಪತ್ತು ದಿನಗಳಾದ ಮೇಲೆ ಬೇವಿನ ಮತ್ತು ಹಿಪ್ಪೆಯ ಮರಗಳಡಿ ತಾವಾಗಿಯೇ ಹುಟ್ಟಿದ ನೂರಾರು ಎಳೆಯ ಸಸಿಗಳು ಸಿಗುತ್ತವೆ. ಎರಡರಿಂದ ನಾಲ್ಕು ಎಲೆಗಳಿರುವಾಗ, ಮೋಡ ಕವಿದ ದಿನ ಸಂಜೆ, ಚಿಕ್ಕ ಗುದ್ದಲಿಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ಚೀಲಕ್ಕೆ ಕೂರಿಸಿದರೆ ಹೆಚ್ಚಿನವು ಬದುಕುತ್ತವೆ. ಹಿಪ್ಪೆಯ ತಾಯಿಬೇರು ಬಹಳ ಬೇಗ ಆಳಕ್ಕೆ ಇಳಿಯುವುದರಿಂದ ಅದರಲ್ಲಿ ತಡಮಾಡಬಾರದು. ಎಳೆಯ ಹಿಪ್ಪೆ ನಿಧಾನವಾಗಿ ಬೆಳೆಯುತ್ತದೆ, ಆದ್ದರಿಂದ ಅದನ್ನು ಒಂದು ವರ್ಷ ಸಸಿಮಡಿಯಲ್ಲೇ ಉಳಿಸಿಕೊಂಡು ಮರುವರ್ಷ ನೆಡುವುದು ಒಳ್ಳೆಯದು. ಹಾಗೆ ಉಳಿಸಿಕೊಳ್ಳುವಾಗ ಬೇರು ಕತ್ತರಿಸುವ ಮಾತು ಇನ್ನಷ್ಟು ನೆನಪಿರಲಿ.

ಪ್ರಶ್ನೆ: ನಾನು ನೆರಳು ಬಲೆಯಡಿ ಟೊಮೆಟೊ, ಕೋಸು ಸಸಿಗಳನ್ನು ಪ್ರೋಟ್ರೇಗಳಲ್ಲಿ (ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ) ಬೆಳೆಸಿ ಮಾರುತ್ತೇನೆ. ಬೇಸಿಗೆಯಲ್ಲಿ ಟ್ರೇಗಳು ಖಾಲಿ ಇರುತ್ತವೆ. ಅವುಗಳಲ್ಲೇ ಹೊಂಗೆ ಬೆಳೆಸಬಹುದೇ?
— ಶಿಡ್ಲಘಟ್ಟ ತಾಲ್ಲೂಕಿನ ಓದುಗರು

ಉತ್ತರ: ಮೊಳೆಸಲು ಬಹುದು, ಬೆಳೆಸಲು ಬಾರದು. ತರಕಾರಿಯ 98 ಗುಳಿಗಳ ಟ್ರೇಯಲ್ಲಿ ಹೊಂಗೆಯ ಬೇರು ಮೂರು ವಾರಗಳಲ್ಲೇ ತಳ ಮುಟ್ಟಿ ಸುತ್ತಲು ತೊಡಗುತ್ತದೆ. ಮೊಳಕೆ ಬಂದು ಮೊದಲ ಎರಡು ಎಲೆ ಬಿಚ್ಚಿಕೊಂಡ ಕೂಡಲೇ ಚೀಲಕ್ಕೆ ವರ್ಗಾಯಿಸುವುದಾದರೆ ನಿಮ್ಮ ಟ್ರೇಗಳು ಉಪಯೋಗಕ್ಕೆ ಬರುತ್ತವೆ. ಮೊಳೆಯದ ಬೀಜಕ್ಕೆ ಚೀಲ, ಮಣ್ಣು, ನೀರು ವ್ಯರ್ಥವಾಗುವುದು ಇದರಿಂದ ತಪ್ಪುತ್ತದೆ. ಈ ಕಸುಬನ್ನು ದೀರ್ಘಕಾಲ ಮುಂದುವರಿಸುವ ಯೋಚನೆಯಿದ್ದರೆ, ಒಳಗೋಡೆಯಲ್ಲಿ ಉದ್ದುದ್ದ ಏಣುಗಳಿರುವ, 150ರಿಂದ 300 ಮಿಲಿಲೀಟರ್ ಹಿಡಿಯುವ ರೂಟ್‌ಟ್ರೈನರುಗಳನ್ನು ಕೊಳ್ಳಿ. ಅವುಗಳ ಏಣು ಬೇರನ್ನು ಸುತ್ತಲು ಬಿಡದೆ ನೇರವಾಗಿ ಕೆಳಕ್ಕೆ ಇಳಿಸುತ್ತದೆ, ತಳ ತೆರೆದಿರುವುದರಿಂದ ಗಾಳಿ ತಗುಲಿ ಬೇರಿನ ತುದಿ ಒಣಗಿ ಪಕ್ಕದ ಬೇರುಗಳು ಒಡೆಯುತ್ತವೆ. ಮೊದಲ ಖರ್ಚು ಹೆಚ್ಚು, ಆದರೆ ಹಲವು ವರ್ಷ ಬಾಳುತ್ತವೆ. ನಿಮ್ಮೂರಿನ ರೇಷ್ಮೆ ಮನೆಗಳಿಂದ ಸಿಗುವ ಹುಳುವಿನ ಹಿಕ್ಕೆ ಮತ್ತು ಉಳಿಕೆ ಸೊಪ್ಪು ಕಳಿತ ಮೇಲೆ ಇದಕ್ಕೆ ಬಹಳ ಒಳ್ಳೆಯ ಗೊಬ್ಬರ.

ಪ್ರಶ್ನೆ: ನಮ್ಮ ಕೊಳವೆ ಬಾವಿ ಬತ್ತಿ ಎರಡು ವರ್ಷವಾಯಿತು. ಸಸಿಮಡಿಗೆ ನೀರಿಲ್ಲ. ನಾಲ್ಕು ಎಕರೆಯ ಬದುಗಳ ಮೇಲೆ ಹೊಂಗೆ ಬೆಳೆಸುವ ಆಸೆಯಿದೆ. ಬೀಜವನ್ನೇ ನೇರವಾಗಿ ಊರಿದರೆ ಬಂದೀತೇ?
— ಪಾವಗಡ ತಾಲ್ಲೂಕಿನ ಓದುಗರು

ಉತ್ತರ: ಬರುತ್ತದೆ, ಮತ್ತು ನಿಮ್ಮ ಪರಿಸ್ಥಿತಿಗೆ ಅದೇ ಸರಿಯಾದ ದಾರಿ. ಹುಟ್ಟಿದ ಜಾಗದಲ್ಲೇ ಬೆಳೆಯುವ ಹೊಂಗೆಯ ತಾಯಿಬೇರಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಮೊದಲ ವರ್ಷ ಮೇಲೆ ಗೇಣುದ್ದ ಕಂಡರೂ ನೆಲದೊಳಗೆ ಅದು ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ, ಆದ್ದರಿಂದ ಬೇಸಿಗೆಯನ್ನು ಚೀಲದ ಸಸಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಬೇಸಿಗೆಯಲ್ಲೇ ಐದೈದು ಮೀಟರಿಗೊಂದರಂತೆ ಒಂದೂವರೆ ಅಡಿ ಗುಂಡಿ ತೋಡಿ, ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಒಂದು ಬೊಗಸೆ ಹೊಂಗೆ ಹಿಂಡಿ ಮತ್ತು ಗೊಬ್ಬರ ಬೆರೆಸಿ ಮುಚ್ಚಿಡಿ. ಹೊಂಗೆ ಹಿಂಡಿಯ ಕಹಿ ಗೆದ್ದಲನ್ನು ಹಿಂಜರಿಸುತ್ತದೆ. ಬಿತ್ತನೆಯ ಹೊತ್ತಿನ ಬಗ್ಗೆ ಮಾತ್ರ ಆತುರ ಬೇಡ. ನಮ್ಮ ಪೂರ್ವದ ಬಯಲುಸೀಮೆಯಲ್ಲಿ ಜೂನ್ ತಿಂಗಳ ಮಳೆ ಆಸೆ ತೋರಿಸಿ ಜುಲೈನಲ್ಲಿ ಕೈಕೊಡುವುದು ಹೊಸದಲ್ಲ. ಇಲ್ಲಿ ಜೋರಾದ ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಆರಿದ್ರೆಗೆ ಊರಿದ ಬೀಜ ಮೊಳೆತು, ಪುನರ್ವಸು, ಪುಷ್ಯ ಒಣಗಿ ಹೋದಾಗ ಕಮರಿದ್ದನ್ನು ಎಷ್ಟೋ ಕಡೆ ನೋಡಿದ್ದೇವೆ. ಮಘೆ ಮಳೆ ಬಿದ್ದು ಗುಂಡಿಯೊಳಗೆ ಒಂದು ಮೊಳ ಆಳಕ್ಕೆ ತೇವ ಇಳಿದಿದೆಯೆಂದು ಕಡ್ಡಿ ಚುಚ್ಚಿ ಖಚಿತಪಡಿಸಿಕೊಂಡ ಮೇಲೆ, ಒಂದೊಂದು ಗುಂಡಿಗೂ ಮೂರು ಬೀಜ ಊರಿ. ಮುಂದೆ ಹುಬ್ಬೆ, ಉತ್ತರೆ, ಹಸ್ತದ ಮಳೆಗಳು ಎಳೆಯ ಗಿಡವನ್ನು ಸಾಕುತ್ತವೆ. ಅಲ್ಲಿಯವರೆಗೆ ಬೀಜವನ್ನು ಕಾಯಿಯೊಳಗೇ ಬಿಟ್ಟು ಗಾಳಿಯಾಡುವ ಗೋಣಿಚೀಲದಲ್ಲಿ ನೆಲದಿಂದ ಎತ್ತರದಲ್ಲಿಡಿ, ಬಿತ್ತುವ ಮುನ್ನ ಮೊದಲ ಉತ್ತರದಲ್ಲಿ ಹೇಳಿದಂತೆ ಕತ್ತರಿಸಿ ಪರೀಕ್ಷಿಸಿ. ಮೊಳೆತ ಮೂರರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಕೀಳದೆ ಕತ್ತರಿಸಿಬಿಡಿ, ಕಿತ್ತರೆ ಪಕ್ಕದ ಬೇರು ಅಲುಗುತ್ತದೆ. ನಿಮ್ಮಲ್ಲಿ ಕಡಲೆಕಾಯಿ ಸಿಪ್ಪೆಗೆ ಕೊರತೆಯಿಲ್ಲ, ಗಿಡದ ಸುತ್ತ ನಾಲ್ಕು ಬೆರಳು ದಪ್ಪ ಹೊದಿಸಿ.

ನಡುವಿನ ದಾರಿಯೂ ಒಂದಿದೆ. ನೀರಿರುವ ನೆಂಟರ ತೋಟದ ಮೂಲೆಯಲ್ಲಿ, ಚೀಲವೇ ಇಲ್ಲದೆ, ನೆಲದ ಮಡಿಯಲ್ಲೇ ಗೇಣಿಗೊಂದು ಬೀಜ ಹಾಕಿ ವರ್ಷ ಬೆಳೆಸಿ. ಕಾಂಡ ಹೆಬ್ಬೆರಳಿನ ದಪ್ಪವಾದಾಗ ಕಿತ್ತು, ಕಾಂಡವನ್ನು ಮೂರು ನಾಲ್ಕು ಇಂಚಿಗೆ, ಬೇರನ್ನು ಗೇಣುದ್ದಕ್ಕೆ ಕತ್ತರಿಸಿದ ಮೋಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಮಳೆ ಹಿಡಿದ ದಿನ ನೆಡಬಹುದು. ನೂರು ಮೋಟುಗಳನ್ನು ಒಂದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಹುದು ಎಂದರೆ ಸಾಗಣೆಯ ಉಳಿತಾಯ ಎಷ್ಟೆಂದು ಊಹಿಸಿ.

ಪ್ರಶ್ನೆ: ಆರು ವರ್ಷದ ಹಿಂದೆ ನೆಟ್ಟ 60 ಸಿಮರೂಬ ಮರಗಳಲ್ಲಿ ಅರ್ಧದಷ್ಟು ಹೂ ಬಿಟ್ಟರೂ ಕಾಯಿ ಕಚ್ಚುತ್ತಿಲ್ಲ. ಕಡಿದು ಹಾಕೋಣವೇ?
— ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಬೇಡ, ಕಡಿಯುವ ಮುನ್ನ ಈ ಉತ್ತರವನ್ನು ಓದಿ. ಲಕ್ಷ್ಮಿತರು ಎಂದೂ ಕರೆಯಲಾಗುವ ಸಿಮರೂಬ ನಮ್ಮ ದೇಶಕ್ಕೆ 1960ರ ದಶಕದಲ್ಲಿ ಬಂದ ಮಧ್ಯ ಅಮೆರಿಕದ ಮರ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುತ್ತವೆ, ಎರಡೂ ಬಗೆಯ ಹೂ ಬಿಡುವ ಮರಗಳೂ ಕೆಲವಿರುತ್ತವೆ. ಬೀಜದಿಂದ ಬೆಳೆಸಿದಾಗ ಯಾವುದು ಏನೆಂದು ಹೂ ಬರುವವರೆಗೆ ತಿಳಿಯುವುದಿಲ್ಲ. ಅಗ್ಗದ ಬೀಜದ ಸಸಿ ಕೊನೆಗೆ ದುಬಾರಿಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ.

ನಿಮ್ಮ ತಾಲ್ಲೂಕಿನಲ್ಲಿ ಮಾವಿನ ಕಸಿ ಕಟ್ಟುವ ಕುಶಲಿಗಳಿಗೆ ಬರವಿಲ್ಲ. ಅವರು ಮಾವಿಗೆ ಮಾಡುವ ಮೃದುಕಾಂಡ ಕಸಿಯೇ, ಅಂದರೆ ಎಳೆಯ ಚಿಗುರಿಗೆ ಬೇರೆ ಮರದ ಕಡ್ಡಿ ಸೇರಿಸಿ ಕಟ್ಟುವ ಕ್ರಮವೇ, ಸಿಮರೂಬಕ್ಕೂ ಹೊಂಗೆಗೂ ಒಗ್ಗುತ್ತದೆ. ಗಂಡು ಮರಗಳಲ್ಲಿ ಮೂರು ನಾಲ್ಕನ್ನು ಪರಾಗಕ್ಕಾಗಿ ಹಾಗೆಯೇ ಉಳಿಸಿಕೊಳ್ಳಿ. ಮಿಕ್ಕವನ್ನು ನೆಲದಿಂದ ಮೂರಡಿ ಎತ್ತರದಲ್ಲಿ ಕೊಯ್ದು, ಗಾಯಕ್ಕೆ ಸಗಣಿ ಅಥವಾ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ) ಹಚ್ಚಿ, ಹೊಸ ಚಿಗುರು ಬರಲು ಬಿಡಿ. ಚಿಗುರುಗಳಲ್ಲಿ ಬಲವಾದ ಮೂರು ನಾಲ್ಕನ್ನು ಇಟ್ಟುಕೊಂಡು, ಅವು ಪೆನ್ಸಿಲ್ ದಪ್ಪವಾದಾಗ ನಿಮ್ಮದೇ ತೋಟದ ಗೊಂಚಲು ತುಂಬಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿಯಿಂದ ಕಸಿ ಕಟ್ಟಿಸಿ. ಕಡ್ಡಿ ತೆಗೆಯುವ ವಾರ ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಮೊಗ್ಗು ಉಬ್ಬಿ ಸಿದ್ಧವಾಗಿರುತ್ತದೆ. ಕಟ್ಟಿದ ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆಯನ್ನು ಟೋಪಿಯಂತೆ ಹಾಕಿದರೆ ತೇವ ಆರುವುದಿಲ್ಲ. ಬೇರು ವ್ಯವಸ್ಥೆ ಆರು ವರ್ಷ ಹಳೆಯದಾದ್ದರಿಂದ ಹೊಸ ಸಸಿ ನೆಟ್ಟುದಕ್ಕಿಂತ ಬೇಗ ಫಲ ಕಾಣಬಹುದು.

ಪ್ರಶ್ನೆ: ಹಿಂದೊಮ್ಮೆ ಜತ್ರೋಫಾ ಎಂಬ ಎಣ್ಣೆಬೀಜದ ಗಿಡ ನೆಟ್ಟರೆ ಬರಡು ಭೂಮಿಯಲ್ಲಿ ಡೀಸೆಲ್ ಬೆಳೆಯಬಹುದೆಂದು ನಂಬಿ ಎರಡು ಎಕರೆ ನೆಟ್ಟು ಕಳೆದುಕೊಂಡೆ. ಈಗ ಹೊಂಗೆಯ ಮಾತು ಕೇಳಿದರೂ ಭಯವಾಗುತ್ತದೆ. ಇದೂ ಅದೇ ಕಥೆಯಲ್ಲವೇ?
— ಮುಳಬಾಗಿಲು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆವು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜತ್ರೋಫಾವನ್ನು ದೇಶದ ಡೀಸೆಲ್ ಬೆಳೆಯೆಂದು ಶಿಫಾರಸು ಮಾಡಿದ ಮೇಲೆ ಲಕ್ಷಾಂತರ ಎಕರೆಗೆ ಅದನ್ನು ನೆಡಿಸುವ ಉತ್ಸಾಹ ಎದ್ದಿತು. ನೀರಿಲ್ಲದೆ ಬದುಕುವ ಗಿಡ ನೀರಿಲ್ಲದೆಯೂ ಫಸಲು ಕೊಡುತ್ತದೆ ಎಂದು ಭಾವಿಸಿದ್ದೇ ಅಲ್ಲಿನ ತಪ್ಪು. ಗಿಡ ಉಳಿಯಿತು, ಬೀಜ ಬರಲಿಲ್ಲ. ಬೇಗ ಆಗಲೆಂದು ಕಡ್ಡಿ ನೆಟ್ಟು ಬೆಳೆಸಿದ ಕಡೆಗಳಲ್ಲಿ ತಾಯಿಬೇರೂ ಇರಲಿಲ್ಲ. ಮಾರುಕಟ್ಟೆ ಗಟ್ಟಿಯಾಗುವ ಮೊದಲೇ ಸಸಿ ಹಂಚಲಾಯಿತು. ಬೇಲಿಯಲ್ಲಿ ಉಳಿದಿರುವ ಗಿಡಗಳಿದ್ದರೆ ಮಕ್ಕಳ ಬಗ್ಗೆ ಎಚ್ಚರವಿರಲಿ, ಅದರ ಬೀಜ ವಿಷ.

ಹೊಂಗೆ ಮತ್ತು ಜತ್ರೋಫಾಗಳ ನಡುವಿನ ವ್ಯತ್ಯಾಸ ಎಣ್ಣೆಯ ಪ್ರಮಾಣದಲ್ಲಿಲ್ಲ. ಹೊಂಗೆ ನಮ್ಮ ಮಣ್ಣಿನದೇ ಮರ, ಇಂಧನಕ್ಕೆ ಬೆಲೆ ಬಾರದ ವರ್ಷವೂ ಅದರ ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ, ನೆರಳು ದನಕರುಗಳಿಗೆ ಆಗುತ್ತದೆ. ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ, ಮೂರು ಕಿಲೋದಷ್ಟು ಹಿಂಡಿ ಸಿಗುತ್ತದೆ. ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಅದರ ವಿದ್ಯುತ್ತಿನಿಂದ ನೀರೆತ್ತಿ ಬೆಳೆ ಬೆಳೆಸಿ ತೋರಿಸಿತ್ತು. ಕರ್ನಾಟಕ 2009ರಲ್ಲೇ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು, ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೂ ಇದೆ. 2018ರ ರಾಷ್ಟ್ರೀಯ ನೀತಿಯಲ್ಲಿ 2030ರ ಹೊತ್ತಿಗೆ ಡೀಸೆಲ್ಲಿಗೆ ಶೇಕಡ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯಿದೆ. ಇಷ್ಟೆಲ್ಲ ಇದ್ದರೂ ನಿಮಗೆ ನಮ್ಮ ಸಲಹೆ ಹೀಗಿದೆ: ಹೊಲದ ನಡುವೆ ಒಂದು ಮರವನ್ನೂ ನೆಡಬೇಡಿ. ಬದು, ಬೇಲಿಸಾಲು, ಹಳ್ಳದ ದಡ ಇಷ್ಟೇ ಸಾಕು. ರಾಗಿ, ಅವರೆ ಬೆಳೆಯುವ ನೆಲವನ್ನು ಎಣ್ಣೆಗಾಗಿ ಬಿಟ್ಟುಕೊಡುವಂತೆ ಯಾರು ಹೇಳಿದರೂ ಕೇಳಬೇಡಿ. ಬೀಜದಿಂದ ಬೆಳೆದ ಹೊಂಗೆ ಕಾಯಿ ಕಾಣಿಸಲು ನಾಲ್ಕೈದು ವರ್ಷ, ಗಮನಾರ್ಹ ಫಸಲಿಗೆ ಎಂಟು ಹತ್ತು ವರ್ಷ ಹಿಡಿಯುತ್ತದೆ. ಇದಕ್ಕಿಂತ ಬೇಗ ಆದಾಯ ಬರುತ್ತದೆ ಎನ್ನುವವರ ಮಾತನ್ನು ನಂಬಿ ಸಾಲ ಮಾಡಬೇಡಿ.

ಸಸಿಯ ಖರ್ಚಿನ ಬಗ್ಗೆ ಹೇಳುವುದಾದರೆ, ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಪಡೆದು ನೆಟ್ಟು ಬದುಕಿಸಿಕೊಂಡ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನವಿದೆ. ಈ ವರ್ಷದ ನಿಯಮಗಳನ್ನು ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಮಳೆಗಾಲಕ್ಕೆ ಮುಂಚೆಯೇ ಹೆಸರು ನೋಂದಾಯಿಸಿ. ಬದುಕಿದ ಗಿಡಕ್ಕೆ ಮಾತ್ರ ಹಣ ಕೊಡುವ ಈ ಕ್ರಮ ನಮಗೆ ನ್ಯಾಯವಾಗಿ ಕಾಣುತ್ತದೆ.

ಪ್ರಶ್ನೆ: ಸಸಿಮಡಿಯಲ್ಲಿರುವ ಹೊಂಗೆ ಎಲೆಗಳ ಮೇಲೆ ಹಸಿರು ಗುಳ್ಳೆಗಳಂತೆ ಗಂಟುಗಳು ಎದ್ದಿವೆ. ಔಷಧಿ ತಿಳಿಸಿ.
— ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ದೊಡ್ಡ ಮರಕ್ಕೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಎಳೆಯ ಸಸಿ ಮಾತ್ರ ಕುಂಠಿತವಾಗುತ್ತದೆ. ಗಂಟೆದ್ದ ಎಲೆಗಳನ್ನು ಕಿತ್ತು ಸುಟ್ಟು, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಮೂರು ಗ್ರಾಂನಂತೆ ಸಂಜೆಯ ತಂಪಿನಲ್ಲಿ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ. ಸಸಿಗಳು ಒತ್ತೊತ್ತಾಗಿದ್ದರೆ ಬಿಡಿಸಿ ಇಡಿ. ವಾಸಿಯಾಗದಿದ್ದರೆ ಎಲೆಗಳ ಸಮೇತ ಒಂದು ಸಸಿಯನ್ನು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಮುಂದಿನ ವರ್ಷದ ಬೀಜಕ್ಕೆ ಮರ ಆರಿಸುವಾಗ, ಎಲೆಗಳಲ್ಲಿ ಈ ಗಂಟು ತುಂಬಿರುವ ಮರಗಳನ್ನು ಕೈಬಿಡಿ.